ಉಳಿ ಮುಟ್ಟದ ಆರು ವಾರ

ಸೆಪ್ಟೆಂಬರ್ 9, ಸೋಮವಾರ

ಈ ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಯೂ ದಿನಾ ನೋಟ್‌ಬುಕ್ ಬರೆಯಬೇಕಂತೆ. ಯಾವ ಮರ, ಯಾವ ಅಂಟು, ಎಷ್ಟು ಹೊತ್ತು, ಏನು ಮಾಡಿದೆ. ಅದನ್ನು ಇಲ್ಲಿಯ ಭಾಷೆಯಲ್ಲಿ ಬರೆಯಬೇಕು. ಅದು ಅವರಿಗೆ. ಈ ಪುಸ್ತಕ ನನಗೆ. ಇದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇದ್ದದ್ದು ಏನೆಂದರೆ, ಈ ತರಗತಿಯಲ್ಲಿ ನನ್ನಷ್ಟು ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಕಲಿಸುವವರನ್ನು ಸೇರಿಸಿಯೇ ಹೇಳುತ್ತಿದ್ದೇನೆ.

ಒಟ್ಟು ಹನ್ನೊಂದು ಜನ. ನನ್ನನ್ನು ಬಿಟ್ಟರೆ ಎಲ್ಲರಿಗಿಂತ ದೊಡ್ಡವನಿಗೆ ಇಪ್ಪತ್ತಾರು ವರ್ಷ. ನನಗೆ ಐವತ್ತೆರಡು. ಒಂದು ಸೀಟಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದಿದ್ದಾರೆ ಅಂದುಕೊಂಡರೆ ಶಾಲೆಗೇ ಲಾಭ.

ಎಲ್ಲರೂ ಎದ್ದು ನಿಂತು ತಮ್ಮ ವಿಷಯ ಹೇಳಬೇಕಿತ್ತು. ನನಗೆ ಇಲ್ಲಿಯ ಭಾಷೆ ಬಂದು ಮೂರು ತಿಂಗಳಾಯಿತು, ಅದರಲ್ಲಿ ಕ್ರಿಯಾಪದ ಇನ್ನೂ ಬಂದಿಲ್ಲ. "ಮೂವತ್ತೊಂದು ವರ್ಷ ಮರ. ಬಾಗಿಲು ಸಾವಿರ" ಅಂದು ಕೂತೆ. ಚಪ್ಪಾಳೆ ಬಿತ್ತು.

ಊರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಾಗಿಲುಗಳ ಕೆಲಸ ಮಾಡುತ್ತಿದ್ದಾಗ ಅಲ್ಲಿಯ ಅಧಿಕಾರಿ ನನ್ನ ಕೈ ನೋಡಿ ಇಲ್ಲಿಗೆ ಹೆಸರು ಕಳಿಸಿದರು. ಒಂದು ವರ್ಷದ ಕೋರ್ಸು. ಹಳೆಯ ಮರದ ಸಾಮಾನನ್ನು ಕಾಪಾಡುವ ವಿದ್ಯೆ. ಊಟ, ವಸತಿ, ಫೀಸು ಎಲ್ಲ ಶಾಲೆಯದು. ಷರತ್ತು ಒಂದೇ: ನವೆಂಬರಿನ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತು ಬರಬೇಕು. ಬರದಿದ್ದರೆ ಟಿಕೆಟ್ ಕೈಗಿಟ್ಟು ವಾಪಸ್ ಕಳಿಸುತ್ತಾರೆ.

ಷರತ್ತು ಓದಿ ನಕ್ಕುಬಿಟ್ಟೆ. ಮೀನಿಗೆ ಈಜಿನ ಪರೀಕ್ಷೆ.

ಸೆಪ್ಟೆಂಬರ್ 10, ಮಂಗಳವಾರ

ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಇಬ್ಬರು. ನನ್ನ ಜೊತೆಯವನು ಇನ್ಯಾವುದೋ ದೇಶದವನು, ಲೆಕ್ಕ ಓದುತ್ತಾನೆ, ಇಪ್ಪತ್ತಮೂರು ವರ್ಷ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಉದ್ದಣ್ಣ ಎಂದು ಹೆಸರಿಟ್ಟಿದ್ದೇನೆ. ಅರ್ಥ ಕೇಳಿದ. ರಾಜ ಅಂದೆ. ಖುಷಿಪಟ್ಟ.

ಎಂಟು ಜನಕ್ಕೆ ಒಂದು ಅಡುಗೆಮನೆ, ಒಂದು ಫ್ರಿಜ್ಜು. ಅದರಲ್ಲಿ ಯಾರೋ ಒಂದೊಂದು ಮೊಟ್ಟೆಯ ಮೇಲೂ ತಮ್ಮ ಹೆಸರು ಬರೆದಿಟ್ಟಿದ್ದಾರೆ. ಇಟ್ಟ ಕೋಳಿಗೆ ಗೊತ್ತಾದರೆ ಏನಂದುಕೊಂಡೀತು.

ಬಸ್ಸಿನ ಕಾರ್ಡನ್ನು ಯಂತ್ರಕ್ಕೆ ತಲೆಕೆಳಗಾಗಿ ತೋರಿಸಿದೆ. ಹಿಂದೆ ಆರು ಜನ ನಿಂತಿದ್ದರು. ಬೇಕೆಂದೇ ಹಾಗೆ ತೋರಿಸಿದವನ ಹಾಗೆ ಮುಖ ಮಾಡಿಕೊಂಡೆ.

ಸೆಪ್ಟೆಂಬರ್ 14, ಶನಿವಾರ

ಅಕ್ಕನ ಮಗಳು ಬಂದಿದ್ದಳು. ಈ ಊರಿನ ಇನ್ನೊಂದು ತುದಿಯಲ್ಲಿ ಸೇತುವೆ ಕಟ್ಟುವ ವಿದ್ಯೆ ಓದುತ್ತಾಳೆ. ಬಂದು ಎರಡು ವರ್ಷವಾಯಿತು. ನಾಲ್ಕು ವರ್ಷದವಳಿದ್ದಾಗಿನಿಂದ ಮನೆಯಲ್ಲಿ ಎಲ್ಲರಿಗೂ ತೀರ್ಪು ಕೊಡುತ್ತಿದ್ದುದರಿಂದ ನಾನು ಅವಳನ್ನು ಜಡ್ಜಮ್ಮ ಎನ್ನುತ್ತೇನೆ. ಅವಳನ್ನು ನೋಡಿಕೊಳ್ಳಲು ಒಬ್ಬ ಹಿರಿಯರು ಬೇಕಿತ್ತು, ಬಂದೆ ಎಂದು ಅವಳಿಗೆ ಹೇಳಿದೆ. ಅವಳು ನನ್ನ ಅಂಗಿಯ ಗುಂಡಿ ಹೊಲಿಯುತ್ತ "ಹೌದು ಮಾವ" ಅಂದಳು.

ಅವಳ ಫೋನಿನಿಂದಲೇ ಅಕ್ಕನಿಗೆ ಮಾತಾಡಿದ್ದು.

"ಹೊಟ್ಟೆಗೆ ಸರಿಯಾಗಿ ತಿಂತಿದೀಯೇನೋ?"

"ತಿಂತಿದೀನಿ ಅಕ್ಕ."

"ಏನು ಹೇಳ್ಕೊಡ್ತಾರೆ ಅಲ್ಲಿ?"

"ಹೇಳ್ಕೊಡೋದಾ? ನನ್ನ ಕೈ ನೋಡಿದ ಮೇಲೆ ಅವರೇ ಹೇಳಿಸ್ಕೊಳ್ತಿದಾರೆ. ಮುಂದಿನ ವಾರದಿಂದ ಅರ್ಧ ದಿನ ನಂದೇ ಪಾಠ."

ಜಡ್ಜಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಫೋನ್ ಇಟ್ಟ ಮೇಲೆ ಹೇಳಿದಳು:

"ಮಾವ, ಹೀಗೇ ಬಿಟ್ರೆ ಡಿಸೆಂಬರ್ ಹೊತ್ತಿಗೆ ಈ ಶಾಲೆ ಕಟ್ಸಿದ್ದೇ ನೀನು ಅಂತೀಯ."

"ಕಟ್ಸೋಕೆ ಬರಲ್ಲ ಅಂತೀಯಾ?"

ಸೆಪ್ಟೆಂಬರ್ 19, ಗುರುವಾರ

ಮೇಡಂ ಇವತ್ತು ಉಳಿ ಸಾಣೆ ಹಿಡಿಯುವುದನ್ನು ಒಂದು ಗಂಟೆ ತೋರಿಸಿದರು. ಮೇಡಂ ಅಂದರೆ ನಮಗೆ ಕೈಕೆಲಸ ಕಲಿಸುವವರು. ವಯಸ್ಸು ನಲವತ್ತು ಮುಟ್ಟಿರಲಿಕ್ಕಿಲ್ಲ. ನಾನು ಅವರ ಪಕ್ಕದಲ್ಲೇ ಹತ್ತು ನಿಮಿಷದಲ್ಲಿ ನನ್ನ ಉಳಿ ಸಾಣೆ ಹಿಡಿದು, ಅದರಲ್ಲಿ ಮುಂಗೈ ರೋಮ ಬೋಳಿಸಿ ತೋರಿಸಿದೆ. ಎಲ್ಲರೂ ಅವರನ್ನು ಬಿಟ್ಟು ನನ್ನ ಸುತ್ತ ನಿಂತರು.

ಮೇಡಂ ಉಳಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ. ಬಾಯಿಯ ಈ ಓರೆ ಯಾಕೆ ಇಷ್ಟು?"

"ಯಾಕೆ ಅಂದ್ರೆ? ಓರೆ ಅಷ್ಟೇ ಇರೋದು."

ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ವರ್ಷದ ಮಕ್ಕಳಿಗೆ ಹೇಳಲಿಕ್ಕೆ ಇರಬೇಕು.

ಅಕ್ಟೋಬರ್ 3, ಗುರುವಾರ

ಒಬ್ಬೊಬ್ಬರಿಗೂ ಒಂದೊಂದು ಹಳೆಯ ಕುರ್ಚಿ ಕೊಟ್ಟಿದ್ದಾರೆ. ನನ್ನದಕ್ಕೆ ನೂರೈವತ್ತು ವರ್ಷವಂತೆ. ಎಡಗೈ ಸಡಿಲ, ಹಿಂಗಾಲೊಂದು ಎರಡು ನೂಲು ಗಿಡ್ಡ. ನೂಲು ಅಂದರೆ ಅಂಗುಲದಲ್ಲಿ ಎಂಟನೇ ಒಂದು ಎಂದು ಪಕ್ಕದ ಕನ್ನಡಕದ ಹುಡುಗಿಗೆ ಹೇಳಿಕೊಟ್ಟೆ. ಅವಳು ಮಿಲಿಮೀಟರಿಗೆ ತಿರುಗಿಸಿ ಬರೆದುಕೊಂಡಳು.

ಎರಡು ವಾರ ಕುರ್ಚಿಗೆ ಏನೂ ಮಾಡುವಂತಿಲ್ಲ. ನೋಡಬೇಕು, ಅಳೆಯಬೇಕು, ಬರೆಯಬೇಕು, ಚಿತ್ರ ತೆಗೆಯಬೇಕು. ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ. ಇವರಿಗೆ ಕೆಲಸ ಬರುವುದಿಲ್ಲ, ಅದಕ್ಕೆ ಬರೆಯುತ್ತಾರೆ. ನನ್ನ ಕಣ್ಣಿಗೆ ಐದು ನಿಮಿಷದಲ್ಲಿ ಎಲ್ಲ ಕಂಡಿತು. ಕೂತು ಕಾದೆ.

ಅಕ್ಟೋಬರ್ 8, ಮಂಗಳವಾರ

ನಿನ್ನೆ ಮತ್ತು ಇವತ್ತು ಮಧ್ಯಾಹ್ನ ಎಲ್ಲರೂ ಲೈಬ್ರರಿಗೆ ಹೋಗಿದ್ದರು. ನಾನು ಕುರ್ಚಿ ಮುಗಿಸಿದೆ.

ಕೈ ಬಿಚ್ಚಿ ಹೊಸ ಅಂಟು ಹಾಕಿದೆ. ಕಾಲಿಗೆ ತುಂಡು ಕೂರಿಸಿದೆ. ಸಂದು ಎಲ್ಲಿದೆ ಎಂದು ದೇವರೂ ಹುಡುಕಬೇಕು. ಮೈಯೆಲ್ಲ ಕೊಳೆ, ಮೇಲೆ ಯಾರೋ ಪೋಕರಿ ಮೊಳೆಯಲ್ಲಿ ಗೀಚಿದ ಗೀರುಗಳು. ಕೀಸುಳಿ ಹಿಡಿದು ಒಂದು ಪದರ ತೆಗೆದು, ಮರಳುಕಾಗದದಲ್ಲಿ ಉಜ್ಜಿ, ಪಾಲಿಶ್ ಕೊಟ್ಟೆ. ಮೂರನೇ ಕೈ ಪಾಲಿಶ್ ಹೊತ್ತಿಗೆ ಕಿಟಕಿಯ ನೆರಳು ಅದರಲ್ಲಿ ಕಾಣುತ್ತಿತ್ತು. ನಿನ್ನೆ ಅಂಗಡಿಯಿಂದ ಬಂದ ಹಾಗಿದೆ. ಎರಡು ವಾರದ ಕೆಲಸ ಎರಡು ಮಧ್ಯಾಹ್ನದಲ್ಲಿ. ನಾಳೆ ಅವರ ಮುಖ ನೋಡಬೇಕು.

ಅಕ್ಟೋಬರ್ 9, ಬುಧವಾರ

ನೋಡಿದೆ.

ಮೇಡಂ ಬೈಯಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಅದರ ಬಲಗೈ ಹಲಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಒಂದು ಹಳೆಯ ಚಿತ್ರ ತಂದು ತೋರಿಸಿದರು. ಆ ಹಲಗೆಯ ಮೇಲೆ ಸಾಲಾಗಿ ಗೀರುಗಳು, ಐದೈದರ ಗುಂಪು. ನೂರ ಹದಿನೆಂಟು ಇದ್ದವಂತೆ. ಆ ಕುರ್ಚಿಯಲ್ಲಿ ಯಾರೋ ಕೂತು ದಿನಕ್ಕೊಂದು ಹಾಕಿರಬೇಕು. ಏನನ್ನು ಎಣಿಸುತ್ತಿದ್ದರು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಕುರ್ಚಿಯನ್ನು ಶಾಲೆಗೆ ಕೊಟ್ಟಿದ್ದರು.

"ಇದು ಈಗ ಹೊಸ ಕುರ್ಚಿ" ಅಂದರು ಮೇಡಂ. "ಹೊಸ ಕುರ್ಚಿ ಅಂಗಡೀಲಿ ಸಿಗುತ್ತೆ."

ಮಧ್ಯಾಹ್ನ ಮೂವರು ಮೇಜಿನ ಆಚೆ ಕೂತು ನಿರ್ಧಾರ ಹೇಳಿದರು. ಆರು ವಾರ, ನವೆಂಬರ್ 20ರವರೆಗೆ, ನಾನು ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ. ಉಳಿ, ಗರಗಸ, ಸುತ್ತಿಗೆ, ಏನೂ. ನೋಡುವುದು, ಬರೆಯುವುದು. ಮುಟ್ಟಿದ್ದು ಕಂಡರೆ ಅವತ್ತೇ ಟಿಕೆಟ್. ಪರೀಕ್ಷೆ ಮಾತ್ರ ಎಲ್ಲರ ಜೊತೆಗೇ, 21ಕ್ಕೆ.

ಸಂದು ಹೇಗೆ ಕೂರಿಸಿದ್ದೇನೆ ಎಂದು ಒಬ್ಬರೂ ಹೇಳಲಿಲ್ಲ.

ಅಕ್ಟೋಬರ್ 12, ಶನಿವಾರ

ಎರಡು ಬಸ್ಸು ಬದಲಿಸಿ ಜಡ್ಜಮ್ಮನ ಕೋಣೆಗೆ ಹೋದೆ. ಟಿಕೆಟ್ ತೆಗಿ, ಹೋಗುತ್ತೇನೆ ಎಂದೆ. ಬಡಗಿಯ ಕೈಯಿಂದ ಉಳಿ ಕಿತ್ತುಕೊಂಡು ವಿದ್ಯೆ ಕಲಿ ಅನ್ನುವುದು, ನಾಲಿಗೆ ಕಿತ್ತು ಹಾಡು ಅಂದ ಹಾಗೆ.

"ಹೋಗು. ಹೋಗಿ ಏನು ಹೇಳ್ತೀಯ?"

"ಚಳಿ ಒಗ್ಗಲಿಲ್ಲ ಅಂತೀನಿ."

"ಪಾಠ ಮಾಡೋರಿಗೆ ಚಳಿ ರಜೆ ಕೊಡಲ್ವಾ?" ಎಂದು ಅವಳು ತಾಯಿಗೇ ಫೋನ್ ಹಚ್ಚಿ ಮೇಜಿನ ಮೇಲಿಟ್ಟುಬಿಟ್ಟಳು. ಧ್ವನಿ ಇಡೀ ಕೋಣೆಗೆ ಕೇಳುತ್ತಿತ್ತು.

"ಏನಪ್ಪಾ ಮೇಷ್ಟ್ರೇ," ಅಂದಳು ಅಕ್ಕ, "ನಿನ್ನ ಸ್ಕೂಲಲ್ಲಿ ಎಷ್ಟು ಮಕ್ಕಳು?"

"ಹತ್ತು" ಅಂದೆ.

"ನಿನ್ನ ಸೇರಿಸಿ ಹನ್ನೊಂದು ಅಲ್ವಾ? ನನ್ನ ಮಗಳು ಮೊದಲನೇ ವಾರಾನೇ ಹೇಳಿದ್ಲು. ಏಳನೇ ಕ್ಲಾಸಲ್ಲಿ ಮೂರು ಸಲ ಕೂತೋನು ಪಾಠ ಮಾಡ್ತಾನೆ ಅಂದ್ರೆ ನಂಬೋಕೆ ನನಗೇನು ಬೇರೆ ಕೆಲಸ ಇಲ್ವಾ? ನೀನು ಹೇಳ್ತಾ ಇದ್ದಿದ್ದು ಚೆನ್ನಾಗಿತ್ತು, ಸುಮ್ನೆ ಕೇಳಿಸ್ಕೊಂಡೆ."

ಕುರ್ಚಿಯ ವಿಷಯ ಜಡ್ಜಮ್ಮನೇ ಹೇಳಿದಳು.

"ನೂರ ಹದಿನೆಂಟಾ?" ಎಂದಳು ಅಕ್ಕ. "ಅಯ್ಯೋ ಪಾಪ, ಯಾರೋ ಯಾರಿಗೋ ಕಾಯ್ತಾ ಇದ್ರೇನೋ."

ನನಗೆ ಇದುವರೆಗೆ ಹಾಗೆ ಹೊಳೆದಿರಲಿಲ್ಲ. ಊಟ ಮಾಡಿ ಸಂಜೆಯ ಬಸ್ಸಿಗೆ ವಾಪಸ್ ಬಂದೆ. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಮೇಡಂ ಒಂದು ಮುರಿದ ಮೇಜಿನ ಕಾಲು ಕೊಟ್ಟು ನೋಡಿ ಬರೆಯಿರಿ ಅಂದರು. ಬರೆದೆ: "ಮೇಜಿನ ಕಾಲು. ಒಂದು. ಮುರಿದಿದೆ." ಓದಿ ವಾಪಸ್ ಕೊಟ್ಟರು.

"ಇನ್ನೂ ನೋಡಿ."

"ಇನ್ನೇನಿದೆ ಮೇಡಂ? ಕಾಲಲ್ಲಿ ಕಣ್ಣು ಮೂಗು ಇರುತ್ತಾ?"

"ಇರಬಹುದು."

ಉಳಿದವರು ಗೂಟ ಕತ್ತರಿಸುತ್ತಿದ್ದರು. ಆ ಸದ್ದಿಗೆ ನನ್ನ ಬೆರಳು ತಾವೇ ಮಡಿಯುತ್ತಿದ್ದವು. ಎರಡೂ ಕೈ ಜೇಬಿನಲ್ಲಿಟ್ಟುಕೊಂಡೆ.

ಅಕ್ಟೋಬರ್ 18, ಶುಕ್ರವಾರ

ಕಾಲು, ನಾಲ್ಕನೇ ದಿನ. ಒಂದು ಮುಖ ಉಳಿದ ಮೂರಕ್ಕಿಂತ ಮಾಸಲು. ಆ ಮುಖ ಬಿಸಿಲಿಗಿತ್ತು. ಅಂದರೆ ಮೇಜು ಬಹಳ ಕಾಲ ಒಂದೇ ಕಿಟಕಿಯ ಹತ್ತಿರ ಇತ್ತು, ಜಾಗ ಬದಲಾಗಿಲ್ಲ. ಬುಡದಿಂದ ಒಂದು ಗೇಣು ಮೇಲೆ ಒಳಮೈ ನುಣ್ಣಗೆ ಸವೆದಿದೆ. ಕೂತವರು ಪಾದ ಒತ್ತಿಕೊಂಡಿದ್ದ ಜಾಗ. ಸವೆತ ಎಡಗಡೆ ಹೆಚ್ಚು. ಮುರಿದದ್ದು ಭಾರಕ್ಕಲ್ಲ, ಎಳೆ ಅಡ್ಡ ಇದ್ದ ಮರವನ್ನು ಆರಿಸಿದ್ದೇ ತಪ್ಪು. ಮಾಡಿದವನು ಅವಸರದಲ್ಲಿದ್ದ, ಇಲ್ಲವೇ ಅವನಿಗೆ ಸಿಕ್ಕಿದ್ದು ಅದೊಂದೇ ತುಂಡು.

ಜಡ್ಜಮ್ಮ ಫೋನಿನಲ್ಲಿ ತಿದ್ದಿಕೊಟ್ಟಳು. ಎರಡು ಪುಟ ಆಯಿತು. ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: ಅವಸರವೋ, ಒಂದೇ ತುಂಡೋ, ಯಾವುದು? ಗೊತ್ತಿಲ್ಲ ಅಂದೆ. "ಹಾಗಂತಲೂ ಬರೀರಿ" ಅಂದರು.

ಅಕ್ಟೋಬರ್ 27, ಭಾನುವಾರ

ಉದ್ದಣ್ಣನ ಓದುವ ಮೇಜು ಅಲ್ಲಾಡುತ್ತದೆ. ಆ ಸದ್ದು ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಉಪಕರಣ ಮುಟ್ಟುವಂತಿಲ್ಲ, ಕಾಗದ ಉಪಕರಣವಲ್ಲ. ಬುಧವಾರ ಅವನು ಇಲ್ಲದಾಗ ಕಾಗದ ಮಡಿಚಿ ಕಾಲಿನ ಅಡಿ ಇಟ್ಟೆ. ಕಲ್ಲಿನ ಹಾಗೆ ನಿಂತಿತು. ಗುರುವಾರ ಕಾಗದ ಕಸದ ಬುಟ್ಟಿಯಲ್ಲಿತ್ತು. ಗುಡಿಸುವಾಗ ಹೋಗಿರಬೇಕು ಎಂದು ಮತ್ತೆ ಇಟ್ಟೆ. ಶುಕ್ರವಾರ ಮತ್ತೆ ಬುಟ್ಟಿಯಲ್ಲಿ. ನಿನ್ನೆ ರಟ್ಟು ಇಟ್ಟೆ. ಇವತ್ತು ಅದೂ ಇಲ್ಲ.

ಕೊನೆಗೆ ಕೇಳಿಯೇಬಿಟ್ಟೆ. ಅವನು ಕುರ್ಚಿಯಲ್ಲಿ ಕೂತು, ಪಾದದಿಂದ ಮೇಜನ್ನು ಮೆಲ್ಲಗೆ ಆಡಿಸಿ ತೋರಿಸಿದ. "ಇದು ಅಲ್ಲಾಡ್ತಾ ಇದ್ರೆ ಓದ್ತೀನಿ. ನಿಂತ್ರೆ ನಿದ್ದೆ ಬರುತ್ತೆ."

"ಮೊದಲೇ ಹೇಳೋದಲ್ವಾ?"

"ನೀವು ಮೊದಲು ಕೇಳಲಿಲ್ಲ, ರಾಜ" ಅಂದ. ಈ ನಡುವೆ ಅವನೂ ನನ್ನನ್ನು ಉದ್ದಣ್ಣ ಅನ್ನಲು ಶುರುಮಾಡಿದ್ದ; ಅರ್ಥ ರಾಜ ಅಲ್ಲವೇ ಎಂದು. ಇವತ್ತು ರಾಜ ಅನ್ನುವುದನ್ನು ತನ್ನ ಭಾಷೆಯ ಪದದಲ್ಲೇ ಅಂದ.

ನವೆಂಬರ್ 2, ಶನಿವಾರ

ಬಟ್ಟೆ ಒಗೆದೆ. ಅಕ್ಕನಿಗೆ ಫೋನ್ ಮಾಡಿದೆ. ಹೇಳಲು ವಿಶೇಷವೇನೂ ಇರಲಿಲ್ಲ. ಅವಳ ಮಂಡಿನೋವು ಹೇಗಿದೆ ಎಂದು ಕೇಳಿದೆ. ಯಾವ ಮಂಡಿ, ಮೆಟ್ಟಿಲು ಹತ್ತುವಾಗ ನೋವೋ ಇಳಿಯುವಾಗಲೋ ಎಂದು ಕೇಳಿದೆ. ಇಳಿಯುವಾಗಂತೆ. "ನಿಂಗೆ ಮೈಗೆ ಹುಷಾರಿದೆ ತಾನೇ?" ಎಂದು ಎರಡು ಸಲ ಕೇಳಿದಳು.

ನವೆಂಬರ್ 8, ಶುಕ್ರವಾರ

ಕನ್ನಡಕದ ಹುಡುಗಿಗೆ ಕೀಸುಳಿ ಮರದಲ್ಲಿ ಕಚ್ಚಿ ಕಚ್ಚಿ ನಿಲ್ಲುತ್ತಿತ್ತು. ನನ್ನನ್ನು ಕರೆದಳು. ಮುಟ್ಟುವಂತಿಲ್ಲ ಎಂದು ಎರಡೂ ಕೈ ಜೇಬಿಗೆ ಹಾಕಿ ನಿಂತೆ.

"ಹಿಡಿಯೋದು ಹೇಗೆ ಅಂತ ಬಾಯಲ್ಲಿ ಹೇಳಿ."

"ಹೀಗೆ" ಅಂದೆ. ಕೈ ಜೇಬಿನಲ್ಲಿತ್ತು.

"ಹೀಗೆ ಅಂದ್ರೆ?"

ಮೂವತ್ತೊಂದು ವರ್ಷ ಹಿಡಿದಿದ್ದೇನೆ. ಹೇಗೆ ಹಿಡಿಯುತ್ತೇನೆ ಎಂದು ಹೇಳಲು ಬರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಹಲಗೆ ಉಜ್ಜಿದೆ. ಶುರುವಿನಲ್ಲಿ ಭಾರ ಮುಂದಿನ ಕೈಗೆ, ನಡುವೆ ಎರಡಕ್ಕೂ, ಕೊನೆಯಲ್ಲಿ ಹಿಂದಿನ ಕೈಗೆ. ಇಷ್ಟು ಹೇಳಲು ಅರ್ಧ ಗಂಟೆ ಬೇಕಾಯಿತು, ಕ್ರಿಯಾಪದಗಳೂ ಬೇಕಾದವು. ಅವಳು ಎಳೆದಾಗ ಸಿಪ್ಪೆ ಒಂದೇ ಉದ್ದಕ್ಕೆ ಸುರುಳಿಯಾಗಿ ಬಂತು. ಆಮೇಲೆ ಇನ್ನಿಬ್ಬರು ಬಂದರು. ಅವರಲ್ಲಿ ಒಬ್ಬ ಎಡಚ. ಎಡಗೈಯವನಿಗೆ ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಕಂಡುಕೊಂಡೆವು.

ಮೇಡಂ ದೂರದಿಂದ ನೋಡುತ್ತಿದ್ದರು. ಅವತ್ತು ಕೇಳಿದ್ದರಲ್ಲ, ನನ್ನ ಉಳಿಯ ಓರೆ ಯಾಕೆ ಅಷ್ಟು ಎಂದು ಅವರಿಗೆ ಹೇಳಿದೆ: ನಮ್ಮ ಕಡೆಯ ಮರ ಗಟ್ಟಿ, ಓರೆ ಸಣ್ಣದಾದರೆ ಉಳಿಯ ಬಾಯಿ ಮುರಿಯುತ್ತದೆ. ಇಲ್ಲಿಯ ಮರ ಮೆತ್ತಗಿನದು, ಅಷ್ಟು ಬೇಡ. ಇದು ನನಗೆ ಹೊಳೆದದ್ದು ಮೊನ್ನೆ.

ನವೆಂಬರ್ 14, ಗುರುವಾರ

ಇವತ್ತು ನೋಡಿದ್ದು: ಒಂದು ಡ್ರಾಯರು. ಹಿಂದೆ ಯಾರೋ ರಿಪೇರಿ ಮಾಡಿ ಆರು ಮೊಳೆ ಹೊಡೆದಿದ್ದಾರೆ. ಎಲ್ಲ ಸೊಟ್ಟ. ಆದರೆ ಆರರಲ್ಲಿ ಒಂದೂ ಒಳಗಿನ ಬಟ್ಟೆಗೆ ತಾಗುವ ಹಾಗಿಲ್ಲ. ತುದಿಗಳನ್ನೆಲ್ಲ ಬಗ್ಗಿಸಿ ಮರಕ್ಕೆ ಒತ್ತಿದ್ದಾರೆ. ಬಡಗಿಯಲ್ಲ. ಮನೆಯವರು ಯಾರೋ. ಬರೆದೆ.

ನವೆಂಬರ್ 20, ಬುಧವಾರ

ಆರು ವಾರ ಮುಗಿಯಿತು. ನಾಳೆ ಪರೀಕ್ಷೆ.

ನವೆಂಬರ್ 21, ಗುರುವಾರ

ಒಬ್ಬೊಬ್ಬರಿಗೂ ಒಂದೊಂದು ಸಾಮಾನು, ಈ ಊರಿನ ಮನೆಗಳಿಂದ ರಿಪೇರಿಗೆ ಬಂದದ್ದು. ಐದು ಗಂಟೆ ಸಮಯ. ನನಗೆ ಬಂದದ್ದು ಮೊಣಕೈ ಉದ್ದದ ಒಂದು ಹೊಲಿಗೆ ಪೆಟ್ಟಿಗೆ. ಮುಚ್ಚಳ ಮುಚ್ಚುವುದಿಲ್ಲ. ಮರ ಉಬ್ಬಿ, ಒಂದು ಕಡೆ ಎರಡು ನೂಲು ಎದ್ದು ನಿಂತಿದೆ. ಉಪಕರಣಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದರು. ಕೀಸುಳಿಯನ್ನು ನಾಲ್ಕು ಸಲ ಎಳೆದರೆ ಮುಚ್ಚಳ ಕೂರುತ್ತದೆ. ಅರ್ಧ ಗಂಟೆಯ ಕೆಲಸ.

ಒಂದೂವರೆ ಗಂಟೆ ನೋಡಿದೆ. ಮುಚ್ಚಳದ ಅಂಚಿನಲ್ಲಿ ಪಾಲಿಶ್ ಸವೆದಿಲ್ಲ. ದಿನಾ ಮುಚ್ಚಿ ತೆಗೆದಿದ್ದರೆ ಸವೆಯಬೇಕಿತ್ತು. ಫಾರಂನಲ್ಲಿ ಸಾಮಾನಿನ ಯಜಮಾನರ ಫೋನ್ ನಂಬರಿತ್ತು. ಮೇಡಂ ಹತ್ತಿರ ಹೋಗಿ ಮಾತಾಡಬಹುದೇ ಎಂದು ಕೇಳಿದೆ. ಮಾತಾಡಬಾರದು ಎಂದು ಎಲ್ಲೂ ಬರೆದಿಲ್ಲ ಅಂದರು.

ಫೋನ್ ತೆಗೆದದ್ದು ಒಬ್ಬ ವಯಸ್ಸಾದ ಹೆಂಗಸು. ಹೊಲಿಗೆಯವರು, ಈಗಲೂ ಹೊಲಿಯುತ್ತಾರೆ. ನನ್ನ ಮಾತು ಅವರಿಗೆ ಮೂರು ಸಲಕ್ಕೆ ತಿಳಿಯಿತು.

"ಮುಚ್ಚಳಾನಾ? ಅದು ಯಾವತ್ತು ಮುಚ್ಚಿತ್ತು? ಒಳಗೆ ಬಟ್ಟೆ ತುಂಬಿರುತ್ತೆ, ಮುಚ್ಚೋಕೆಲ್ಲಿ ಆಗುತ್ತೆ. ಅಡಿ ಹಲಗೆ ನೋಡಪ್ಪ. ಸೂಜಿ ಎಲ್ಲ ಸಂದೀಲಿ ಉದುರಿ ಹೋಗ್ತಾವೆ. ಹೋದ ತಿಂಗಳು ನನ್ನ ಕಾಲಿಗೇ ಚುಚ್ಚಿತು!"

ಅಡಿಯಲ್ಲಿ ಸೂಜಿ ನುಸುಳುವಷ್ಟು ಸಂದು. ಅದಕ್ಕೆ ತೆಳ್ಳನೆಯ ಒಂದು ಪಟ್ಟಿ ಕೂರಿಸಿ, ಬಿಸಿನೀರು ತಾಗಿದರೆ ಬಿಟ್ಟುಕೊಳ್ಳುವಂಥ ಅಂಟು ಎರಡು ಹನಿ ಹಾಕಿದೆ. ಉಳಿ ಹಿಡಿದು ಆರು ವಾರ ಆಗಿತ್ತಲ್ಲ, ಪಟ್ಟಿ ಕೂರಿಸಲು ಎರಡು ಸಲ ಬೇಕಾಯಿತು. ಮುಚ್ಚಳ ಮುಟ್ಟಲಿಲ್ಲ.

ಪರೀಕ್ಷಕರು ಬಂದು ಮುಚ್ಚಳ ಒತ್ತಿ ನೋಡಿದರು. "ಇದು ಮುಚ್ಚಲ್ವಲ್ಲ?"

"ಅವರಿಗೆ ಮುಚ್ಚೋದು ಬೇಡ" ಅಂದೆ.

ಫಾರಂನ ಕೊನೆಯಲ್ಲಿ ಒಂದು ಕಲಂ: ಮೂಲ ಮರದಿಂದ ಏನು ತೆಗೆದಿರಿ? "ಏನೂ ಇಲ್ಲ" ಎಂದು ಬರೆದೆ.

ನವೆಂಬರ್ 22, ಶುಕ್ರವಾರ

ಐವತ್ತನಾಲ್ಕು. ಬರವಣಿಗೆಯಲ್ಲಿ ಭಾಷೆಯ ತಪ್ಪಿಗೆ ಬಹಳ ಹೋಗಿದೆ. ಕನ್ನಡಕದ ಹುಡುಗಿಗೆ ಎಂಬತ್ತೊಂದು. ಎಡಚನಿಗೆ ಎಪ್ಪತ್ತು.

ಉದ್ದಣ್ಣ ತನ್ನ ಹೆಸರಿನ ಎರಡು ಮೊಟ್ಟೆ ಬೇಯಿಸಿ ಕೊಟ್ಟ. ಅವನಿಗೆ ಐವತ್ತನಾಲ್ಕು ಎಂದರೆ ಕಡಿಮೆ ಎಂದು ಗೊತ್ತು, ಲೆಕ್ಕದವನು. ಆದರೂ ಕೈಕುಲುಕಿದ.

ನವೆಂಬರ್ 24, ಭಾನುವಾರ

ಬಟ್ಟೆ ಒಗೆಯಲು ಏಪ್ರನ್ನಿನ ಜೇಬು ಖಾಲಿ ಮಾಡಿದೆ. ಒಂದು ಮರದ ಸಿಪ್ಪೆ ಸಿಕ್ಕಿತು. ಕಿರುಬೆರಳಿನ ಉಗುರಿನಷ್ಟು. ಒಂದು ಕಡೆ ಹಳೆಯ ಕಂದು ಬಣ್ಣ.

ಪೆಟ್ಟಿಗೆಯ ಅಡಿಯದು. ಪಟ್ಟಿ ಬಿಗಿಯಾಗಿ ಕೂರದಾಗ ಉಳಿಯಿಂದ ಸಂದಿನ ಮೂಲೆಯನ್ನು ಒಂದು ಚೂರು ಸವರಿದ್ದೇನೆ. ಪಟ್ಟಿಯನ್ನು ಸವರಬೇಕಿತ್ತು, ಪೆಟ್ಟಿಗೆಯನ್ನಲ್ಲ. ಸವರಿದ್ದು ನೆನಪೇ ಇಲ್ಲ. ಮನಸ್ಸಿಗೆ ತಿಳಿಸದೆ ಕೈ ಮಾಡಿದ ಕೆಲಸ. ಸಿಪ್ಪೆಯನ್ನು ಜೇಬಿಗೆ ಹಾಕಿದ್ದೂ ಕೈಯೇ.

ನಿಯಮದ ಹಾಳೆ ತೆಗೆದು ಓದಿದೆ. ಮೂಲ ಮರ ತೆಗೆದು, ತೆಗೆದಿಲ್ಲ ಎಂದು ಬರೆದರೆ ಹತ್ತು ಅಂಕ ಹೋಗುತ್ತದೆ. ಐವತ್ತನಾಲ್ಕರಲ್ಲಿ ಹತ್ತು ಹೋದರೆ ನಲವತ್ತನಾಲ್ಕು.

ಜಡ್ಜಮ್ಮನಿಗೆ ಫೋನ್ ಮಾಡಿದೆ.

"ಯಾರಾದ್ರೂ ನೋಡಿದ್ರಾ ಮಾವ?"

"ಇಲ್ಲ."

"ಇನ್ಮೇಲೆ ಗೊತ್ತಾಗುತ್ತಾ?"

"ಪಟ್ಟಿ ಅಡಗಿಸಿದೆ. ಬಿಚ್ಚಿದ್ರೆ ಮಾತ್ರ."

"ಹಾಗಾದ್ರೆ ಕಿಟಕಿಯಿಂದ ಊದಿಬಿಡು. ಉಗುರಿನಷ್ಟು ಮರಕ್ಕೆ ಒಂದು ವರ್ಷ ಕಳ್ಕೋತೀಯಾ?"

"ಜಡ್ಜಮ್ಮ ಹೀಗೆ ತೀರ್ಪು ಕೊಡ್ತಾಳೇನೇ?"

"ಇದು ತೀರ್ಪಲ್ಲ. ನೀನು ಹೋದ್ರೆ ಶನಿವಾರ ನಾನು ಯಾರ ಗುಂಡಿ ಹೊಲೀಲಿ?" ಅಂದಳು. ಮೂಗು ಕಟ್ಟಿದ ಧ್ವನಿ. ಶೀತ ಆಗಿದೆಯಂತೆ.

ಸಿಪ್ಪೆಯನ್ನು ಬಸ್ ಕಾರ್ಡಿನ ಕವರಿನಲ್ಲಿ ಇಟ್ಟಿದ್ದೇನೆ. ಹಾರಿಹೋಗಬಾರದು.

ನವೆಂಬರ್ 25, ಸೋಮವಾರ

ಏಳೂವರೆಗೇ ಶಾಲೆಯ ಬಾಗಿಲಲ್ಲಿ ನಿಂತೆ. ಮೇಡಂ ಬಂದದ್ದು ಎಂಟೂ ಹತ್ತಕ್ಕೆ. ಕೋಟು ತೆಗೆಯುವ ಮುಂಚೆಯೇ ಸಿಪ್ಪೆಯನ್ನು ಮೇಜಿನ ಮೇಲಿಟ್ಟೆ.

"ಇದು ಪೆಟ್ಟಿಗೇದು. ನಾನು ತೆಗೆದೆ. ಇಲ್ಲ ಅಂತ ಬರೆದೆ. ತೆಗೆದಿದ್ದು ಗೊತ್ತಿರಲಿಲ್ಲ, ನಿನ್ನೆ ಗೊತ್ತಾಯ್ತು."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡದ್ದು. ಕ್ರಿಯಾಪದಗಳೆಲ್ಲ ಸರಿಯಾಗಿ ಬಂದವು.

ಅವರು ಕೋಟು ಹಾಕಿಕೊಂಡೇ ಕೂತರು. ಭೂತಗಾಜು ಹಿಡಿದು ಸಿಪ್ಪೆ ನೋಡಿದರು. ಪೆಟ್ಟಿಗೆ ತಂದು ಅಡಿಮೇಲು ಮಾಡಿ, ಎಲ್ಲಿಂದ ಎಂದು ಕೇಳಿದರು. ತೋರಿಸಿದೆ. ಆಮೇಲೆ ಉಳಿದ ಇಬ್ಬರು ಪರೀಕ್ಷಕರನ್ನು ಕರೆದು ಒಳಗೆ ಹೋದರು. ಇಪ್ಪತ್ತೈದು ನಿಮಿಷ. ನಾನು ಗೋಡೆಯ ಮೇಲಿನ ಗರಗಸಗಳನ್ನು ಎಣಿಸಿದೆ: ಹತ್ತೊಂಬತ್ತು. ಅವುಗಳಲ್ಲಿ ಒಂದರ ಹಿಡಿ ಉಳಿದವುಗಳದಲ್ಲ.

ಹೊರಗೆ ಬಂದು ಹೇಳಿದರು. ತೆಗೆದದ್ದನ್ನು ಎಸೆಯದೆ ತಂದುಕೊಟ್ಟರೆ ಅದು ಕಳೆದುಹೋದ ಲೆಕ್ಕವಲ್ಲ. ಫಾರಂ ತಪ್ಪು ಬರೆದದ್ದಕ್ಕೆ ಮೂರು ಅಂಕ ಕಡಿಮೆ.

"ಐವತ್ತೊಂದು" ಅಂದರು. "ಸಾಕಾ?"

"ಸಾಕು ಮೇಡಂ."

ಒಂದು ಚಿಕ್ಕ ಕಾಗದದ ಪೊಟ್ಟ‌ಣ ಕೊಟ್ಟರು. ಸಿಪ್ಪೆಯನ್ನು ಅದರಲ್ಲಿ ಹಾಕಿ, ಮೇಲೆ ಯಾವ ಜಾಗದ್ದು, ಯಾವತ್ತು, ಯಾರು ತೆಗೆದದ್ದು ಎಂದು ಬರೆಯಬೇಕು. ಆ ಪೊಟ್ಟಣ ಪೆಟ್ಟಿಗೆಯ ಅಡಿಯಲ್ಲಿ ಪೆಟ್ಟಿಗೆ ಇರುವ ತನಕ ಇರುತ್ತದೆ. ಇನ್ನು ನೂರು ವರ್ಷಕ್ಕೆ ಯಾವನೋ ಬಿಚ್ಚಿದರೆ, ಈ ಚೂರನ್ನು ಇಂಥವನು ತೆಗೆದ ಎಂದು ಅವನಿಗೆ ಗೊತ್ತಾಗಬೇಕಂತೆ.

ಊರಿನಲ್ಲಿ ನಾನು ಮಾಡಿದ ಬಾಗಿಲುಗಳನ್ನು ಜನ ದಿನಾ ತಳ್ಳಿಕೊಂಡು ಓಡಾಡುತ್ತಾರೆ. ಒಂದರ ಮೇಲೂ ನನ್ನ ಹೆಸರಿಲ್ಲ. ಈ ಹತ್ತು ಮಕ್ಕಳ ಹೆಸರೂ ಇಲ್ಲಿ ಇನ್ನೂ ಯಾವುದರ ಮೇಲೂ ಬಂದಿಲ್ಲ.

ಇಲ್ಲಿಯ ಅಕ್ಷರದಲ್ಲಿ ಒಮ್ಮೆ ಹೆಸರು ಬರೆದೆ. ಜಾಗ ಉಳಿದಿತ್ತು. ನಮ್ಮ ಅಕ್ಷರದಲ್ಲೂ ಬರೆಯಬಹುದೇ ಎಂದು ಕೇಳಿದೆ; ಬರೆಯಿರಿ ಅಂದರು. ಎರಡನೆಯದು ಸ್ವಲ್ಪ ದೊಡ್ಡದಾಗಿಯೇ ಬಂತು.